ಅಡಕತ್ತರಿ ವಿಜಯ

ಚೈತ್ರದ ಹುಣ್ಣಿಮೆಯಂದು ಮಾಣಿಕಗಿರಿಯ ರಾಜಬೀದಿಗೆ ಕಾಲಿಟ್ಟವನು ಉಟ್ಟ ಬಟ್ಟೆಯ ಬಣ್ಣದಲ್ಲಿ ಮನೆಗೆ ಮರಳುತ್ತಿರಲಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಕದಡಿದ ಓಕುಳಿಯ ಕೊಪ್ಪರಿಗೆಗಳು ಬಾಗಿಲು ಬಾಗಿಲಿಗೂ ಇದ್ದವು. ಜವಳಿ ಅಂಗಡಿಯ ಸೆಟ್ಟರು ಹೊಸ ಬಟ್ಟೆಯನ್ನೆಲ್ಲ ಒಳಗೆ ಸರಿಸಿ, ಹಳೆಯ ಪಂಚೆಯುಟ್ಟು ಜಗಲಿಯ ಮೇಲೆ ನಿಂತಿದ್ದರು. ಬುರುಜುಗಳ ಕಾವಲಿನವರು ಸಹ ಶತ್ರು ಬರುವ ದಾರಿಯನ್ನು ಬಿಟ್ಟು ಬೀದಿಯ ಹೆಂಗಸರನ್ನು ನೋಡುತ್ತಿದ್ದರು. ಹನ್ನೆರಡು ವರ್ಷಗಳಿಂದ ಯುದ್ಧವನ್ನೇ ಕಾಣದ ಸಂಸ್ಥಾನವದು. ಅಷ್ಟು ದೀರ್ಘವಾದ ಶಾಂತಿಯಲ್ಲಿ ಪ್ರಜೆಗಳು ಸುಖಿಗಳಾದರು, ಅರಮನೆ ಮಾತ್ರ ಅಲಂಕಾರದಲ್ಲಿ ಮುಳುಗಿತು.

ಇಮ್ಮಡಿ ಸೂರಪ್ಪ ನಾಯಕನ ಅರಮನೆಯಲ್ಲಿ ದಿನ ಆರಂಭವಾಗುತ್ತಿದ್ದುದು ಸೂರ್ಯೋದಯದಿಂದಲ್ಲ, ರಾಣಿ ಹೊನ್ನಾಂಬಿಕೆಯ ಹೆರಳಿನಿಂದ. ಮೊಣಕಾಲು ಮುಟ್ಟುವ ಆ ಕೇಶರಾಶಿಯನ್ನು ಸೀಗೆಯಲ್ಲಿ ತೊಳೆದು, ಸಾಂಬ್ರಾಣಿಯ ಹೊಗೆಯಲ್ಲಿ ಆರಿಸಿ, ಕೇದಗೆಯ ಗರಿ ಸೇರಿಸಿ ಹೆಣೆದು, ಮೇಲೆ ಹೊನ್ನಿನ ನಾಗರವನ್ನು ಕೂರಿಸುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಅಲ್ಲಿಯವರೆಗೆ ದೂರು ತಂದ ರೈತನೂ ಗಡಿಯಿಂದ ಬಂದ ಬೇಹಿನವನೂ ಹೊರಗೆ ಕಾಯಬೇಕು. ಪಟ್ಟದರಸಿ ಬಾರದೆ ದೊರೆ ಓಲಗಕ್ಕೆ ಕೂರುತ್ತಿರಲಿಲ್ಲ. ದೊರೆಯೇನೂ ಕಡಿಮೆಯವನಲ್ಲ, ತನ್ನ ಮೀಸೆಗಾಗಿ ನಿಲುಗನ್ನಡಿಯ ಮುಂದೆ ಅಷ್ಟೇ ಹೊತ್ತು ಕಳೆಯುತ್ತಿದ್ದ. ಇಂಥ ದಂಪತಿಗಳ ಮೇಲೆ ಕೋಪಗೊಳ್ಳುವುದು ಸುಲಭ. ಆದರೆ ಅವರು ಕೆಟ್ಟವರಾಗಿರಲಿಲ್ಲ.

ಅಂದು ಒಳಾಂಗಣದಲ್ಲಿ ಅತ್ತಿಗೆ ಮೈದುನರ ಓಕುಳಿ. ದೊರೆಯ ಮಲತಮ್ಮನಾದ ಓಬಳರಾಜನಿಗೆ ಹತ್ತೊಂಬತ್ತು ತುಂಬಿತ್ತು. ದೊರೆಗೆ ಮಕ್ಕಳಿಲ್ಲದ್ದರಿಂದ ಮುಂದಿನ ಪಟ್ಟ ಅವನದೇ. ಅವನು ಬಿಂದಿಗೆ ಹಿಡಿದು ಹಿಂದಿನಿಂದ ಬಂದಾಗ ರಾಣಿ ಗಕ್ಕನೆ ತಿರುಗಿದಳು, ಒದ್ದೆಯಾದ ಹೆರಳು ಅವನ ಕೆನ್ನೆಗೆ ಬಡಿಯಿತು. ಅಂತಃಪುರದ ಹೆಂಗಸರೆಲ್ಲ ಗೊಳ್ಳೆಂದರು. ನಾಚಿ ಕೆಂಪಾದ ಹುಡುಗ ಪಕ್ಕದ ತಾಂಬೂಲದ ತಟ್ಟೆಯಿಂದ ಅಡಕತ್ತರಿಯನ್ನೆತ್ತಿ, ಹೆರಳಿನ ತುದಿಯನ್ನು ಚೋಟುದ್ದ ಕತ್ತರಿಸಿ ಮೇಲೆತ್ತಿ ಹಿಡಿದ.

"ಅತ್ತಿಗೆಯವರಿಂದ ಕಪ್ಪ ಸಂದಿತು!" ಎಂದ.

ಯಾರೂ ನಗಲಿಲ್ಲ. ಆ ನಾಡಿನಲ್ಲಿ ಮುತ್ತೈದೆಯ ಕೂದಲಿಗೆ ಕಬ್ಬಿಣ ತಾಗುವುದು ಅವಳ ಗಂಡ ಸತ್ತ ದಿನ ಮಾತ್ರ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಕುದುರೆಲಾಯದ ಗಂಡಸರ ನಡುವೆ ಬೆಳೆದ ಓಬಳರಾಜನಿಗೆ ಅದನ್ನು ಹೇಳಿಕೊಟ್ಟವರಿರಲಿಲ್ಲ. ರಾಣಿ ಚೀರಿದಳು, ಒಳಗೆ ಹೋಗಿ ಕದವಿಕ್ಕಿಕೊಂಡಳು. ಗಂಡನ ಆಯುಷ್ಯಕ್ಕಾಗಿ ಹೆದರಿದಳೋ, ಮೊಣಕಾಲಿಗೆ ಚೋಟು ಮೇಲೆ ನಿಂತ ಹೆರಳಿಗಾಗಿ ಅತ್ತಳೋ, ಆಗ ಅವಳಿಗೇ ತಿಳಿದಿರಲಿಲ್ಲ.

ಆ ಅಳುವನ್ನು ಹೇಗೆ ಬಳಸಬೇಕೆಂದು ತಿಳಿದವನು ದಳವಾಯಿ ಕೋನಪ್ಪನೊಬ್ಬನೇ. ತನ್ನ ಮಗಳನ್ನು ದೊರೆಗೆ ಎರಡನೆಯವಳಾಗಿ ಕೊಟ್ಟು, ಅವಳ ಮಗನನ್ನು ಗದ್ದುಗೆಯಲ್ಲಿ ಕಾಣಬೇಕೆಂಬುದು ಅವನ ಬಹುದಿನದ ಆಸೆ. ಅದಕ್ಕೆ ಓಬಳರಾಜ ಅಡ್ಡವಾಗಿದ್ದ.

"ಮಹಾಪ್ರಭುಗಳು ಕ್ಷಮಿಸಬೇಕು," ಎಂದು ಅವನು ಮೊದಲ ಸಲ ರಾಣಿಯಿಲ್ಲದೆ ಕೂಡಿದ ಓಲಗದಲ್ಲಿ ಕೈಮುಗಿದ. "ಪ್ರಭುಗಳು ಜೀವಂತರಿರುವಾಗಲೇ ಪಟ್ಟದರಸಿಯ ಕೇಶಕ್ಕೆ ಕತ್ತರಿ ಹಾಕಿದವನು ಏನನ್ನು ಬಯಸಿದಂತಾಯಿತು? ಪಟ್ಟಕ್ಕೆ ಹಕ್ಕುದಾರನೇ ಬಯಸಿದ. ಇದು ಆಟವಲ್ಲ."

ಬರುವ ಪಂಚಮಿಯಂದು ಓಬಳರಾಜನನ್ನು ಪಶ್ಚಿಮದ ಬಂಡೆಯಿಂದ ಕಮರಿಗೆ ನೂಕುವುದೆಂದು ಅಪ್ಪಣೆಯಾಯಿತು. ರಾಣಿಯ ಒಂದು ಮಾತು ಸಾಕಿತ್ತು. ಆ ಮಾತು ಹೊರಬರಲಿಲ್ಲ, ಏಕೆಂದರೆ ಮಾತಾಡಲು ಅವಳು ಸಭೆಗೆ ಬರಬೇಕಿತ್ತು, ಬಂದರೆ ಸಭೆ ಅವಳ ಹೆರಳನ್ನು ನೋಡುತ್ತಿತ್ತು.

ಈ ಸಂಸ್ಥಾನದಲ್ಲಿ ರಾಯಸದ ಸಿದ್ಧರಸ ಎಂಬೊಬ್ಬನಿದ್ದ. ಅರವತ್ತರ ಮೇಲೆ ನಾಲ್ಕು ವರ್ಷ; ದೊರೆಯ ಕಾಗದಪತ್ರ ಬರೆಯುವುದು ವೃತ್ತಿ, ಸಾಂಗತ್ಯ ಕಟ್ಟುವುದು ಹವ್ಯಾಸ, ಸಿಟ್ಟು ಬಂದಾಗ ನಗುವುದು ಸ್ವಭಾವ. ಓಬಳರಾಜನಿಗೆ ಅಕ್ಷರ ಕಲಿಸಿದವನು ಅವನೇ. ಹಿರಿಯ ದೊರೆ ಕಣ್ಣು ಮುಚ್ಚುವಾಗ ಈ ಕೂಸನ್ನು ಅವನ ಮಡಿಲಿಗೆ ಹಾಕಿ, "ನಿಮಗೇ ಬಿಟ್ಟಿದ್ದೇನೆ," ಎಂದಿದ್ದ.

ಸೆರೆಯಲ್ಲಿ ಅವನನ್ನು ಕಂಡೊಡನೆ ಹುಡುಗ ಕಾಲಿಗೆ ಬಿದ್ದ. "ಅಯ್ಯನವರೇ, ಅಣ್ಣನ ಸಾವು ಬಯಸಿದೆನಂತೆ. ನಾನು ಬಯಸಿದೆನೇ?"

"ನೀನು ಬಯಸಿದ್ದು ನಾಲ್ಕು ಹೆಂಗಸರ ಮೆಚ್ಚುಗೆ, ಮಂಕೇ. ಉಣ್ಣು. ಮುಖ ತೊಳೆದುಕೊ. ಈ ಜನ ಅಳುವವರ ಮಾತು ಕೇಳುವುದಿಲ್ಲ, ನಗಿಸುವವರ ಮಾತು ಕೇಳಿಯಾರು."

ಆ ವಂಶದ ಮೂಲಪುರುಷ ಹಾಕಿದ ಕಟ್ಟಳೆಯೊಂದಿತ್ತು: ಹೊಸ ಕೃತಿ ಬಾಗಿಲಿಗೆ ಬಂದರೆ ಕೇಳದೆ ಕಳಿಸಬಾರದು, ಕೇಳಿ ಮೆಚ್ಚಿದ ಮೇಲೆ ಕವಿ ಬೇಡಿದ್ದನ್ನು ಕೊಡದಿರಬಾರದು. ಅದಕ್ಕೆ ಇನ್ನೊಂದು ಅರ್ಧವೂ ಇತ್ತು. ಆಸ್ಥಾನದಲ್ಲಿ ಓದುವ ಕೃತಿಗೆ ಪ್ರಭುವೇ ಕಥಾಪುರುಷನಾಗಿರಬೇಕು. ಪ್ರಭುವಿನ ಎದುರಿಗೆ ಇನ್ನೊಬ್ಬನ ವಿಜಯವನ್ನು ಹಾಡುವುದೆಂದರೆ ಆ ಇನ್ನೊಬ್ಬನಿಗೆ ಪಟ್ಟ ಕಟ್ಟಿದಂತೆ. ನಾಲ್ಕೇ ದಿನಗಳ ಅವಧಿಯಲ್ಲಿ, ಬೆರಳು ಬಾತುಕೊಳ್ಳುವಂತೆ ಓಲೆ ಕೊರೆಯುತ್ತಿದ್ದ ಸಿದ್ಧರಸ ಮೊದಲರ್ಧವನ್ನು ನೆನೆದ, ಎರಡನೆಯದನ್ನು ಮರೆತ.

ಚೌತಿಯ ದಿನ ಅವನು ಓಲಗದಲ್ಲಿ ನಿಂತು ತಂದಿದ್ದ ಓಲೆಯ ಕಟ್ಟನ್ನು ಬಿಚ್ಚಿದ. ಕೃತಿಯ ಹೆಸರು 'ಅಡಕತ್ತರಿ ವಿಜಯ'. ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಸಮುದ್ರವರ್ಣನೆಗೆ ಓಕುಳಿಯ ಕೊಪ್ಪರಿಗೆ, ಪರ್ವತವರ್ಣನೆಗೆ ರಾಣಿಯ ತುರುಬು. ಬಾಚಣಿಗೆಗಳು ಚತುರಂಗ ಬಲವಾಗಿ ಹೊರಟವು. ಕಾಡಿಗೆಯ ಡಬ್ಬಿ ರಾಯಭಾರಕ್ಕೆ ಹೋಗಿ ಮುಖ ಕಪ್ಪಿಟ್ಟುಕೊಂಡು ಬಂತು. ಹೇನೊಂದು ಬೇಹುಗಾರನಾಗಿ ಶತ್ರುಪಾಳಯವನ್ನು ಹೊಕ್ಕಿತು. ತಟ್ಟೆಯ ಕೋಟೆಯಿಂದ ಅಡಕತ್ತರಿ ಎಂಬ ಮಹಾರಥ ಬಾಯ್ದೆರೆದು ಹೊರಬಿದ್ದಾಗ ದಿಗ್ಗಜಗಳು ನಡುಗಿದವು, ಆದಿಶೇಷ ಹೆಡೆ ಬದಲಿಸಿದ. ಘೋರ ಸಮರದ ಕೊನೆಗೆ ರಣರಂಗದಲ್ಲಿ ಬಿದ್ದಿದ್ದು ಚೋಟುದ್ದ ಕೂದಲು, ಅದಕ್ಕೆ ದೇವತೆಗಳಿಂದ ಪುಷ್ಪವೃಷ್ಟಿ.

ಮೊದಲು ನಕ್ಕವರು ಬಾಗಿಲ ಕಾವಲಿನವರು. ಆಮೇಲೆ ಪಂಡಿತರು. ಹೇನಿನ ಪ್ರಸಂಗಕ್ಕೆ ದೊರೆ ಹೊಟ್ಟೆ ಹಿಡಿದುಕೊಂಡ. ತೆರೆಯ ಹಿಂದೆ, ಅರಮನೆಯಲ್ಲಿ ನಾಲ್ಕು ದಿನಗಳಿಂದ ಕೇಳಿಸದಿದ್ದ ಬಳೆಗಳ ಸದ್ದಿನೊಂದಿಗೆ, ರಾಣಿ ಹೊನ್ನಾಂಬಿಕೆಯೂ ನಕ್ಕಳು. ತನ್ನ ಮೇಲೆಯೇ ನಗುವುದು ಅವಳಿಗೆ ಹೊಸದು.

"ಬೇಡಿ, ರಾಯಸದವರೇ," ಎಂದ ದೊರೆ ಕಣ್ಣೊರೆಸಿಕೊಳ್ಳುತ್ತ.

"ನನ್ನ ಶಿಷ್ಯನ ಜೀವ, ಪ್ರಭು. ಅವನು ಕತ್ತರಿಸಿದ್ದು ಕೂದಲನ್ನಷ್ಟೇ."

"ಕೊಟ್ಟೆವು!" ಓಬಳರಾಜನನ್ನು ಸೆರೆಯಿಂದ ಕರೆಸಿ, ಕೊಟ್ಟ ಮಾತಿನ ಗುರುತಾಗಿ ತಾಂಬೂಲವನ್ನು ಅವನ ಕೈಗಿಟ್ಟರು. ಸಂಕೋಲೆಯನ್ನು ಸಭೆಯಲ್ಲಿಯೇ ಬಿಚ್ಚಿದರು. ಸಿದ್ಧರಸ ಕಂಬಕ್ಕೆ ಆತುಕೊಂಡ.

ಕೋನಪ್ಪ ಎಲ್ಲರೂ ನಕ್ಕು ಮುಗಿಸುವವರೆಗೆ ಕಾದ. ಅವನ ತಾಳ್ಮೆಯನ್ನು ಮೆಚ್ಚಲೇಬೇಕು.

"ಸೊಗಸಾದ ಕೃತಿ, ಸಿದ್ಧರಸರೇ. ಒಂದು ಸಂದೇಹ. ವಿಜಯ ಎಂದು ಹೆಸರಿಟ್ಟಿದ್ದೀರಿ. ಇಲ್ಲಿ ಓದುವ ವಿಜಯಗಳೆಲ್ಲ ಪ್ರಭುಗಳವೇ ಎಂಬುದು ಕಟ್ಟಳೆ. ಈ ಅಡಕತ್ತರಿ ಯಾರು?"

ಪಂಡಿತರು ಓಬಳರಾಜನತ್ತ ತಿರುಗಿದರು.

"ಅಡಕತ್ತರಿಯನ್ನು ಹಿಡಿದ ಕೈ ಓಬಳರಾಜರದು," ಎಂದು ದಳವಾಯಿ ಮೆಲ್ಲಗೆ ಮುಂದುವರಿಸಿದ. "ಹಾಗಾದರೆ ಕಥಾಪುರುಷ ಅವರೇ. ಕೂದಲಿನ ಅಪರಾಧಕ್ಕೆ ಪ್ರಭುಗಳು ಕ್ಷಮೆಯಿತ್ತರು. ಪ್ರಭುಗಳ ಓಲಗದಲ್ಲೇ ತಮ್ಮ ವಿಜಯವನ್ನು ಹಾಡಿಸಿಕೊಂಡದ್ದಕ್ಕೆ ಕ್ಷಮೆಯಿದೆಯೇ?"

ದೊರೆಯ ಮುಖದಲ್ಲಿ ನಗೆಯ ಕುರುಹೂ ಉಳಿಯಲಿಲ್ಲ. ಬಿಚ್ಚಿದ ಸಂಕೋಲೆಯನ್ನು ಸೆರೆಯ ಕಾವಲಿನವನು ಮತ್ತೆ ಕೈಗೆತ್ತಿಕೊಂಡ. ಸಿದ್ಧರಸನಿಗೆ ತಾನು ಮರೆತ ಅರ್ಧ ಈಗ ನೆನಪಾಯಿತು. ಅಡಕತ್ತರಿ ಅಡಕತ್ತರಿಯೇ, ಅದು ಯಾರೂ ಅಲ್ಲ ಎಂಬುದೇ ನಿಜ. ಆದರೆ ಕಥಾಪುರುಷನಿಲ್ಲದ ಕೃತಿ ಆ ಆಸ್ಥಾನಕ್ಕೆ ಅರ್ಥವಾಗುತ್ತಿರಲಿಲ್ಲ. ಯಾರಾದರೊಬ್ಬರ ಹೆಸರು ಹೇಳಲೇಬೇಕು. ಹುಡುಗನ ಕಡೆ ಒಮ್ಮೆ ನೋಡಿ ಅವನು ಬೆನ್ನು ನೆಟ್ಟಗೆ ಮಾಡಿದ.

"ಕಟ್ಟಳೆಯನ್ನು ನಾನು ಮೀರಿಲ್ಲ, ದಳವಾಯಿಗಳೇ. ಅಡಕತ್ತರಿ ಪ್ರಭುಗಳೇ. ಥಳಥಳಿಸುವ ಮೈ, ದೊಡ್ಡದಾಗಿ ತೆರೆಯುವ ಬಾಯಿ, ಬೆಳ್ಳಿಯ ತಟ್ಟೆಯಲ್ಲಿ ವಾಸ, ಹನ್ನೆರಡು ವರ್ಷದಿಂದ ಅಡಕೆಯನ್ನಲ್ಲದೆ ಬೇರೇನನ್ನೂ ಕತ್ತರಿಸದ ಆಯುಧ. ಸಭೆಗೆ ಅರ್ಥವಾಗಿರಬೇಕೆಂದುಕೊಂಡಿದ್ದೆ."

ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು. ಒಬ್ಬನೇ, ಒಂದೇ ಸಲ.

"ಅಯ್ಯನವರೇ!" ಓಬಳರಾಜ ಮುಂದೆ ನುಗ್ಗಿದ. "ಅಣ್ಣಾ, ಇದು ಸುಳ್ಳು, ಇವರು ನನಗಾಗಿ—"

"ಬಾಯಿ ಮುಚ್ಚು!" ಪಾಠ ತಪ್ಪಿದಾಗಿನ ದನಿಯಲ್ಲೇ ಸಿದ್ಧರಸ ಗದರಿದ. "ಕಾವ್ಯದ ಅರ್ಥ ಹೇಳುವಷ್ಟು ವಿದ್ಯೆ ನಿನಗೆ ನಾನು ಕಲಿಸಿಲ್ಲ."

ದೊರೆ ಎದ್ದು ನಿಂತಿದ್ದ. "ಸಿದ್ಧರಸರೇ, ಬಾಯಿ ತಪ್ಪಿ ಆಡಿದಿರಿ ಎಂದು ಹೇಳಿ. ಅಷ್ಟು ಹೇಳಿದರೆ ಸಾಕು." ಅವನ ದನಿಯಲ್ಲಿ ಬೇಡಿಕೆಯಿತ್ತು. ಹಾಗೆ ಹೇಳಿದರೆ ಕಥಾಪುರುಷನ ಜಾಗ ಮತ್ತೆ ತೆರವಾಗುತ್ತದೆ, ಅಲ್ಲಿ ಯಾರನ್ನು ಕೂರಿಸಲು ದಳವಾಯಿ ಕಾದಿದ್ದಾನೆ ಎಂಬುದು ಮುದುಕನಿಗೆ ಗೊತ್ತಿತ್ತು.

"ಇಲ್ಲ, ಪ್ರಭು. ಪ್ರತಿಯೊಂದು ಪದವನ್ನೂ ತಿಳಿದೇ ಬರೆದೆ. ಓಬಳರಾಜರಿಗೆ ಕೊಟ್ಟ ತಾಂಬೂಲವನ್ನು ಪ್ರಭುಗಳು ಹಿಂದಕ್ಕೆ ಪಡೆಯುವ ವಂಶದವರಲ್ಲ ಎಂಬುದನ್ನೂ ತಿಳಿದೇ ಬರೆದೆ."

ಹುಡುಗನಿಗೆ ವಿಧಿಸಿದ್ದ ಶಿಕ್ಷೆ ಮುದುಕನ ಪಾಲಿಗೆ ಬಂತು. ಪಂಚಮಿಯ ಮುಂಜಾನೆ ಪಶ್ಚಿಮದ ಬಂಡೆಯ ಬಳಿ ನೂಕುವವರು ಹಿಂಜರಿದರು. ಅವರಲ್ಲಿ ಇಬ್ಬರಿಗೆ ಸಿದ್ಧರಸ ತಾನೇ ಅಕ್ಷರ ತಿದ್ದಿಸಿದ್ದ. ಅವರಿಗೆ ತೊಂದರೆ ಕೊಡಬಾರದೆಂದು ಅವನು ಹೊದ್ದ ಶಾಲನ್ನು ಮಡಿಸಿ ಒಬ್ಬನ ಕೈಗಿಟ್ಟು, ಒಬ್ಬನೇ ಅಂಚಿನವರೆಗೂ ನಡೆದ. ಆಮೇಲೆ ಅಂಚೂ ಬರಿದಾಯಿತು. ಓಲೆಯ ಕಟ್ಟನ್ನು ಅದೇ ಹೊತ್ತಿಗೆ ಅರಮನೆಯ ಹಿತ್ತಿಲಲ್ಲಿ ಸುಟ್ಟರು. ಕೋನಪ್ಪ ಅಂದು ಊಟ ಮಾಡಲಿಲ್ಲವಂತೆ. ಓಬಳರಾಜ ಬದುಕಿದ್ದ, ದೊರೆಯ ತಾಂಬೂಲ ಅವನ ಕೈಯಲ್ಲಿತ್ತು, ಅದರ ಮೇಲೆ ಇನ್ನು ಯಾರ ಮಾತೂ ನಡೆಯುವಂತಿರಲಿಲ್ಲ.

ಮಧ್ಯಾಹ್ನ ರಾಣಿ ದೊರೆಯ ಕೋಣೆಗೆ ಬಂದಳು. ತಲೆ ಬಾಚಿರಲಿಲ್ಲ. ಅವನು ಕನ್ನಡಿಗೆ ಬೆನ್ನು ಮಾಡಿ ಕೂತಿದ್ದ.

"ಆ ಕಾವ್ಯದಲ್ಲಿ ಸ್ವಾಮಿಗಳು ಎಲ್ಲಿಯೂ ಇರಲಿಲ್ಲ," ಎಂದಳು. "ತೆರೆಯ ಹಿಂದೆ ಕೂತು ಪದ ಪದವನ್ನೂ ಕೇಳಿದ್ದೇನೆ. ಹುಡುಗನನ್ನು ಉಳಿಸಲು ಅವರು ಸುಳ್ಳು ಹೇಳಿದರು."

"ಗೊತ್ತಿತ್ತು."

"ಯಾವಾಗ?"

"ಅವರು ಹೇಳುತ್ತಿರುವಾಗಲೇ." ದೊರೆ ತಲೆ ಎತ್ತಲಿಲ್ಲ. "ಆದರೆ ಒಬ್ಬ ನಕ್ಕನಲ್ಲ, ಹೊನ್ನಾಂಬೆ. ಆಮೇಲೆ ಸಭೆಯೆಲ್ಲ ನನ್ನ ಮುಖವನ್ನೇ ನೋಡಿತು. ಅಷ್ಟು ಕಣ್ಣುಗಳ ಮುಂದೆ ನಾನೇನು ಮಾಡಬೇಕಿತ್ತು?"

ರಾಣಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಕದವಿಕ್ಕಿಕೊಂಡು ಕೂತ ಆ ನಾಲ್ಕು ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ," ಎಂದಳು.