ಹಿಂದಿನ ಸೀಟಿನಲ್ಲಿ ಯಾರು?

"ಹಿಂದಿನ ಸೀಟಿನಲ್ಲಿ ದಿನಾ ಯಾರು ಕೂರ್ತಾರೆ?"

ಟಯರಿನ ಮೇಲಿಂದ ಅಂಗೈ ತೆಗೆಯದೆ, ತಲೆಯನ್ನೂ ಎತ್ತದೆ ಅವಳು ಕೇಳಿದಳು.

"ಯಾರೂ ಇಲ್ಲ," ಎಂದ ಕಾರಿನವನು.

"ಇದ್ದಾರೆ. ಒಬ್ಬರಲ್ಲ, ಮೂರು ಜನ."

ಅವನು ತನ್ನದೇ ಕಾರಿನ ಹಿಂದಿನ ಸೀಟನ್ನು ಬಗ್ಗಿ ನೋಡಿದ, ಯಾರಾದರೂ ಹೇಳದೆ ಕೇಳದೆ ಬಂದು ಕೂತಿದ್ದಾರೇನೋ ಎಂಬಂತೆ. ಅವಳಿಗೆ ನಗು ಬಂತು. ಕೆಳದುಟಿ ಕಚ್ಚಿ ತಡೆದುಕೊಂಡಳು.

ಆ ವರ್ಕ್‌ಶಾಪಿನಲ್ಲಿ ಎಂಜಿನ್ ಅಪ್ಪನದು, ಚಕ್ರ ಅವಳದು. ಹತ್ತು ವರ್ಷ ಟಯರು ಸವರಿ ಸವರಿ ಅವಳ ಅಂಗೈಗೇ ಕಣ್ಣು ಬಂದಿತ್ತು.

"ಇಲ್ಲಿ ಕೈ ಇಡಿ. ಹೆದರಬೇಡಿ, ಕಚ್ಚಲ್ಲ."

ಅವನು ಇಟ್ಟ.

"ಹೊರಗಂಚು ಹೇಗಿದೆ?"

"ಹೊಸದರ ಹಾಗೇ ಇದೆ."

"ಇನ್ನೂ ಒಳಕ್ಕೆ ಹೋಗಿ."

ಅವನ ಬೆರಳು ಒಳಗಂಚಿಗೆ ತಲುಪಿ ನಿಂತಿತು. "ಅರೆ... ಬೋಳು."

"ಗಾಳಿ ಕಮ್ಮಿ ಇದ್ರೆ ಎರಡೂ ಅಂಚು ಸವೆಯುತ್ತೆ. ಜಾಸ್ತಿ ಇದ್ರೆ ನಡು. ಗುಂಡಿಗೆ ಬಿದ್ದಿದ್ರೆ ಒಂದೇ ಚಕ್ರ ಹಾಳಾಗ್ತಿತ್ತು. ನಿಮ್ಮದು ಹಿಂದಿನ ಎರಡಕ್ಕೂ ಒಳಗಂಚೇ. ಭಾರಕ್ಕೆ ಹಿಂಭಾಗ ಕುಸಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತೆ. ಆಗ ಹೀಗಾಗುತ್ತೆ."

"ಮುಟ್ಟಿದ್ರೇ ಇಷ್ಟೆಲ್ಲ ಗೊತ್ತಾಗುತ್ತಾ? ಮುಂದಿನ ಚಕ್ರ ಏನು ಹೇಳುತ್ತೆ?"

ದನಿಯಲ್ಲಿ ಗೇಲಿ ಇರಲಿಲ್ಲ. ಬೇರೆ ಗಿರಾಕಿಗಳು ಅವಳನ್ನು ಕಂಡರೆ ಅಪ್ಪ ಎಲ್ಲಿ ಎಂದು ಹುಡುಕುತ್ತಿದ್ದರು. ಇವನು ಮುಂದಿನ ಚಕ್ರದ ಹತ್ತಿರ ಹೋಗಿ ಮೊಣಕಾಲೂರಿ ಕೂತ. ಅಲ್ಲಿಗೆ ಅವಳ ಮನಸ್ಸು ಅರ್ಧ ಸೋತಿತು.

ಆದರೂ ಅನುಮಾನದ ಹುಳ ತಲೆಯೊಳಗೇ ಉಳಿಯಿತು. ಡಿಕ್ಕಿ ತೆಗೆದು ನೋಡಿದಳು, ಗುಡಿಸಿಟ್ಟ ಕೋಣೆಯಂತೆ ಖಾಲಿ. ಕಾರನ್ನು ಚಕ್ರದ ವಾಲು ಅಳೆಯುವ ಅಲೈನ್‌ಮೆಂಟ್ ಗುಂಡಿಯ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಅಳತೆಯ ತಟ್ಟೆ ಕಟ್ಟಿ ನೋಡಿದರೆ ಪರದೆಯ ಮೇಲೆ ಎಲ್ಲ ಅಂಕಿಯೂ ಹಸಿರು, ಅಂದರೆ ಎಲ್ಲ ನೆಟ್ಟಗಿದೆ! ಹೊಸ ಟಯರು ಹಾಕಿ ಕಳಿಸಿದಳು.

ಎರಡೂವರೆ ತಿಂಗಳಿಗೆ ಅವನು ಮತ್ತೆ ಬಂದ. ಅದೇ ಒಳಗಂಚು, ಅದೇ ಬೋಳು.

ಅವಳು ಮತ್ತೆ ಅಳೆದಳು, ಸ್ಪ್ರಿಂಗ್ ನೋಡಿದಳು, ರಬ್ಬರ್ ಬುಷ್ ನೋಡಿದಳು, ತಾನೇ ಓಡಿಸಿ ನೋಡಿದಳು. ಕೈ ಬಿಟ್ಟರೂ ಕಾರು ದಾರ ಹಿಡಿದಂತೆ ನೇರ ಹೋಗುತ್ತಿತ್ತು. ಅಪ್ಪ ಅವನಿಗೊಂದು ಹೆಸರನ್ನೂ ಇಟ್ಟರು: ಟಯರ್ ತಿನ್ನೋರು.

"ಪುಟ್ಟಿ, ನಿನ್ನ ಟಯರ್ ತಿನ್ನೋರು ಬಂದ್ರು ನೋಡು. ಬೇಕೂಂತಲೇ ಸವೆಸ್ಕೊಂಡು ಬರ್ತಾರೋ ಏನೋ."

"ಸುಮ್ನಿರಪ್ಪ."

ಅವನು ಗಾಳಿ ನೋಡಿಸುವ ನೆಪದಲ್ಲಿ ವಾರಕ್ಕೊಮ್ಮೆ ಬರತೊಡಗಿದ. ಕೆಲಸ ಏನು ಎಂದರೆ, "ಸರ್ಕಾರಿ ಕೆಲಸ, ಹೆಚ್ಚು ಹೇಳೋ ಹಾಗಿಲ್ಲ," ಎನ್ನುತ್ತಿದ್ದ. ಉಳಿದದ್ದೆಲ್ಲ ಹೇಳುತ್ತಿದ್ದ. ಒಂದು ಮಧ್ಯಾಹ್ನ, ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

ಅವಳ ಎದೆ ಹೌದೆಂದಿತು. ಬಾಯಿ, "ಯೋಚಿಸಿ ಹೇಳ್ತೀನಿ," ಎಂದಿತು.

ಏಕೆಂದರೆ ಹಿಂದೊಮ್ಮೆ ಅವಳಿಗೆ ಒಂದು ಸಂಬಂಧ ನಿಶ್ಚಯವಾಗಿ ಮುರಿದಿತ್ತು. ಆ ಮನುಷ್ಯ ದೊಡ್ಡ ಸುಳ್ಳು ಹೇಳಿದವನಲ್ಲ. ಊಟ ಆಯಿತು ಎಂದರೆ ಆಗಿರುತ್ತಿರಲಿಲ್ಲ, ಮನೆಯಲ್ಲಿದ್ದೇನೆ ಎಂದರೆ ಇರುತ್ತಿರಲಿಲ್ಲ, ಅಷ್ಟೇ. ಬಡವನಾದರೂ ಸರಿ, ಮುಂಗೋಪಿಯಾದರೂ ಸರಿ, ಮುಚ್ಚಿಡುವವನ ಜೊತೆ ಮಾತ್ರ ಬಾಳುವುದಿಲ್ಲ ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಉತ್ತರ ಕೊಡುವ ಮೊದಲೇ ಅವನು ಮೂರನೇ ಜೊತೆ ಟಯರಿಗೆ ಬಂದ.

ಅವಳು ಒಳಗಂಚು ಸವರಿದಳು. ಮತ್ತೆ ಬೋಳು.

ಮೂರು ಜನ... ಹೆಂಡತಿ, ಎರಡು ಮಕ್ಕಳು? ಇಲ್ಲಿಗೆ ಬರುವಾಗ ಮಾತ್ರ ಇಳಿಸಿ ಬರುತ್ತಾನೋ?

"ಕೊನೇ ಸಲ ಕೇಳ್ತೀನಿ. ಹಿಂದಿನ ಸೀಟಿನಲ್ಲಿ ಯಾರು ಕೂರ್ತಾರೆ?"

"ಯಾರೂ ಕೂರಲ್ಲ."

"ಟಯರ್ ಸುಳ್ಳು ಹೇಳುತ್ತಾ?"

"ಇಲ್ಲ. ನಾನೂ ಹೇಳ್ತಿಲ್ಲ."

"ಮನೇಲಿ ಸಂಸಾರ ಇಟ್ಕೊಂಡು ನನ್ನನ್ನ ಕೇಳೋಕೆ ಬಂದ್ರಲ್ಲ..."

ಅವನ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದ. ಸುತ್ತಲಿನ ಅಂಗಡಿಗಳ ಕಡೆ ಒಮ್ಮೆ ನೋಡಿದ. ಹಳೇ ಟಯರಿನಲ್ಲೇ ಹೊರಟುಹೋದ.

ಒಂದು ತಿಂಗಳು ಅವನ ಸುಳಿವಿಲ್ಲ. ಅಪ್ಪ ತಮಾಷೆ ಮಾಡುವುದನ್ನು ಬಿಟ್ಟರು. ಅವಳು ಬೇರೆಯವರ ಚಕ್ರ ಸವರುವಾಗಲೂ ಬೆರಳು ಆ ಒಳಗಂಚನ್ನೇ ಹುಡುಕುತ್ತಿತ್ತು.

ಒಂದು ಬೆಳಿಗ್ಗೆ ಬೇರಿಂಗ್ ತರಲು ಸ್ಕೂಟರಿನಲ್ಲಿ ಹೊರಟಿದ್ದಳು. ಸಿಗ್ನಲ್ಲಿನಲ್ಲಿ ಮುಂದೆ ಅವನ ಕಾರು! ಹಿಂಭಾಗ ನೆಲಕ್ಕೆ ಕುಸಿದಿತ್ತು. ಎರಡೂ ಚಕ್ರಗಳ ತಲೆ, ಗುಟ್ಟು ಹೇಳಿಕೊಳ್ಳುವ ಗೆಳತಿಯರಂತೆ ಒಳಕ್ಕೆ ವಾಲಿದ್ದವು.

ಅವಳು ಹಿಂದಿನ ಗಾಜಿನೊಳಗೆ ಇಣುಕಿದಳು.

ಸೀಟಿನಲ್ಲಿ ಒಂದು ತಲೆಯೂ ಇಲ್ಲ.

ಕೋಪವೆಲ್ಲ ಎಲ್ಲಿ ಹೋಯಿತೋ, ಕುತೂಹಲವೊಂದೇ ಉಳಿಯಿತು. ಬೇರಿಂಗ್ ಹಾಳಾಗಲಿ ಎಂದು ಬೆನ್ನು ಹತ್ತಿದಳು.

ಕಾರು ಒಂದು ದೊಡ್ಡ ದಿನಸಿ ಅಂಗಡಿಯ ಮುಂದೆ ನಿಂತಿತು. ಅವನು ಇಳಿದು ಡಿಕ್ಕಿ ತೆಗೆದ. ಒಳಗಿನಿಂದ ಮರದ ಪೆಟ್ಟಿಗೆ, ಪೆಟ್ಟಿಗೆಯಿಂದ ಸರ್ಕಾರಿ ಮೊಹರಿನ ಕಬ್ಬಿಣದ ತೂಕದ ಬಟ್ಟು. ಇಪ್ಪತ್ತು ಕೆ.ಜಿ.ಯ ಒಂದು, ಎರಡು... ಹತ್ತರವರೆಗೆ ಎಣಿಸಿ ಅವಳು ನಿಲ್ಲಿಸಿದಳು.

ಅಂಗಡಿಯವನ ದನಿ ಹೊರಗೆ ಕೇಳುತ್ತಿತ್ತು. "ಗಾಳಿಗೆ ತಕ್ಕಡಿ ಒಂಚೂರು ಹೆಚ್ಚು ತೋರಿಸುತ್ತೆ ಸ್ವಾಮಿ, ಅಷ್ಟೇ."

"ಒಳಗೆ ಗಾಳಿ ಎಲ್ಲಿದೆ ಯಜಮಾನ್ರೇ? ನನಗಂತೂ ಬೆವರು ಸುರೀತಿದೆ."

ತಕ್ಕಡಿಗೆ ಬೀಗಮುದ್ರೆ ಹಾಕಿ ಹೊರಬಂದವನು ಸ್ಕೂಟರಿಗೆ ಒರಗಿ ನಿಂತ ಅವಳನ್ನು ಕಂಡು ಅಲ್ಲೇ ನಿಂತ.

"ಡಿಕ್ಕೀಲಿ ಇಷ್ಟು ಹೊತ್ಕೊಂಡು ಓಡಾಡ್ತೀರಿ. ಹೇಳಬಾರದಿತ್ತಾ?"

"ನೀವು ಸೀಟಿನದು ಕೇಳಿದ್ರಿ. ನಾನು ಸೀಟಿನದೇ ಹೇಳಿದೆ." ಅವನ ದನಿ ಸಣ್ಣಗಿತ್ತು. "ನಿಮ್ಮ ಬೀದಿ ಪೂರ್ತಿ ಅಂಗಡಿ. ನಾನು ತೂಕ-ಅಳತೆ ತಪಾಸಣೆಯವನು ಅಂತ ಗೊತ್ತಾದ್ರೆ ಮಾರನೇ ದಿನ ಎಲ್ಲ ತಕ್ಕಡೀನೂ ಸಾಧು ಆಗ್ಬಿಡುತ್ತೆ. ಅವತ್ತು ಹೇಳೋಣ ಅಂದ್ಕೊಂಡೆ... ಪಕ್ಕದಲ್ಲೇ ತರಕಾರಿಯವರು ಕಿವಿ ಅಗಲಿಸಿ ನಿಂತಿದ್ರು."

"ವರ್ಕ್‌ಶಾಪಿಗೆ ಬಂದಾಗ ಇವೆಲ್ಲ ಎಲ್ಲಿರ್ತಿದ್ವು?"

"ಆಫೀಸಿನ ಬೀರುವಿನಲ್ಲಿ. ಬಟ್ಟು ನನ್ನ ಕಣ್ಣು ತಪ್ಪಿಸಿ ಬೇರೆಯವರ ಜಾಗದಲ್ಲಿ ಇರೋ ಹಾಗಿಲ್ಲ. ರಿಪೇರಿಗೆ ಅಂದ್ರೆ ಮೊದಲು ಖಾಲಿ ಮಾಡಿ, ಬೀಗ ಹಾಕಿ, ಆಮೇಲೆ ಬರ್ತಿದ್ದೆ."

ಅವಳು ಹಣೆಗೆ ಕೈ ಹಚ್ಚಿಕೊಂಡಳು. ಭಾರ ಇಳಿಸಿದ ಕಾರನ್ನು ಎರಡು ಸಲ ಅಳೆದು, ಎರಡು ಸಲವೂ ಹಸಿರು ಕಂಡು, ತಪ್ಪನ್ನು ಅವನ ತಲೆಗೆ ಕಟ್ಟಿದ್ದಳು.

"ತಪ್ಪು ನಂದು," ಎಂದಳು. "ಡಿಕ್ಕಿ ಖಾಲಿ ಇದೆ ಅಂತ ಅದರ ಬಗ್ಗೆ ಕೇಳಲೇ ಇಲ್ಲ. ನಿಮಗೆ ಇಲ್ಲದ ಸಂಸಾರ ಕಟ್ಟಿದೆ. ಕ್ಷಮಿಸ್ತೀರಾ?"

"ನಾನೂ ಬಾಯಿ ಬಿಡಬೇಕಿತ್ತು. ಒಂದು ತಿಂಗಳು ಬೋಳು ಟಯರಲ್ಲಿ ಓಡಾಡಿದ್ದೀನಿ."

"ಜೀವದ ಮೇಲೆ ಆಸೆ ಇಲ್ವಾ? ಬಟ್ಟು ಸಮೇತ ಈಗಲೇ ಬನ್ನಿ. ಕಣ್ಣು ತಪ್ಪಬಾರದು ಅಂದ್ರೆ ನೀವೂ ಕಾರಲ್ಲೇ ಕೂತಿರಿ."

ಹೊಸ ಟಯರು ಹಾಕಿದ್ದಾಯಿತು. ಕಾರು ಗುಂಡಿಯ ಮೇಲೆ ನಿಂತಿತು. ಅಪ್ಪ ಸ್ಪಾನರ್ ಹಿಡಿದು ಕೆಳಗಿಳಿದರು. ಅವನು ಸ್ಟೀರಿಂಗ್ ಮುಂದೆ ಕೂತಿದ್ದ. ಎದುರಿನ ಪರದೆಯಲ್ಲಿ ಹಿಂದಿನ ಚಕ್ರದ ಅಂಕಿಗಳು ಮೊದಲ ಬಾರಿಗೆ ಕೆಂಪಗಿದ್ದವು. ಅವಳಿಗೆ ಕೆಂಪು ಕಂಡು ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ಶುರು ಮಾಡ್ಲಾ ಪುಟ್ಟಿ?" ಗುಂಡಿಯೊಳಗಿಂದ ಅಪ್ಪ ಕೇಳಿದರು.

"ಇರಪ್ಪ, ಇನ್ನೂ ಭಾರ ಸರಿ ಹೋಗಿಲ್ಲ."

"ಎಲ್ಲ ಬಟ್ಟೂ ಇದೆಯಲ್ಲ?" ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಇನ್ಮೇಲೆ ಗಾಡಿ ಹೇಗೆ ಓಡುತ್ತೋ ಹಾಗೇ ಅಳೀಬೇಕು," ಎಂದು ಅವಳು ಆ ಕಡೆಯ ಬಾಗಿಲು ತೆರೆದು ಅವನ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು. "ಈಗ ಶುರು ಮಾಡಪ್ಪ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸ್ಟೀರಿಂಗಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ಇದು... ಹೂಂ ಅಂತಾನಾ?"

"ಹೂಂ. ಅಲ್ಲಾಡಬೇಡಿ, ಅಂಕಿ ನಿಲ್ಲಲ್ಲ."

"ಎಷ್ಟು ತೋರಿಸ್ತಿದೆ?" ಕೆಳಗಿಂದ ಕೂಗು ಬಂತು.

ಅವಳ ಕಣ್ಣು ತುಂಬಿತ್ತು, ಪರದೆ ಮಂಜುಮಂಜು. ಅವನೇ ಬಗ್ಗಿ ನೋಡಿದ.

"ಇನ್ನೂ ಸ್ವಲ್ಪ ತಿರುಗಿಸಿ, ಮಾವ."

ಗುಂಡಿಯೊಳಗೆ ಸ್ಪಾನರಿನ ಸದ್ದು ನಿಂತಿತು.

"ಸ್ವಲ್ಪ ಅಂದ್ರೆ ಎಷ್ಟು ಅಳಿಯಂದ್ರೇ?" ಎಂದರು ಅಪ್ಪ. "ಸರಿಯಾಗಿ ನೋಡಿ ಹೇಳಿ. ಅವಸರ ಏನಿಲ್ಲ."