ನಲವತ್ತೇಳನೆಯ ಪುಟ ಬರೆದವರು

"ಆಪಾ, ನನ್ನ ಪುಸ್ತಕದಾಗ ನಾ ಬರೀದೇ ಇರೋದು ಅಚ್ಚಾಗೇದ್ರಿ!"

ಆಳಂದದ ಮೆಹರಾಜಬೇಗಂ ಆಪಾ ಅವರ ಮನೆಯ ಕಟ್ಟೆಯ ಮೇಲೆ ಕೂರುವ ಮೊದಲೇ ಆ ತರುಣ ಹೀಗೆಂದ. ಕರಜಗಿಯ ಪ್ರಬುದ್ಧ, ಇಪ್ಪತ್ನಾಲ್ಕರ ಪ್ರಾಯ. ಡ್ರೈವರನಂತೆ, ಮಾಸ್ತರನಂತೆ, ಬೀಗರಂತೆ ಮಾತಾಡಿ ಅವನು ಹಾಕುತ್ತಿದ್ದ ವಿಡಿಯೊಗಳು ಅಫಜಲಪುರ, ಜೇವರ್ಗಿಯ ಬಸ್ಸುಗಳಲ್ಲಿ ಯಾರಾದರೊಬ್ಬರ ಫೋನಿನಲ್ಲಿ ಕೇಳಿಸುತ್ತಲೇ ಇದ್ದವು. ಈಗ ಆತ್ಮಕತೆ ಬರೆದಿದ್ದ. ಭಾನುವಾರ ಬಿಡುಗಡೆ.

ಆಪಾ ಒಂದು ಕಾಲದಲ್ಲಿ ಆಳಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಶಿವಪ್ರಕಾಶನೆಂಬ ನಾನು ಅಲ್ಲಿನ ಲೈನ್‌ಮನ್. ಕಂಬದ ಮೇಲಿಂದ ನಾನು ಬರೀ 'ಹಲೋ' ಅಂದರೆ ಸಾಕು, "ಚಾ ಕುಡೀದೇ ಏರೀಯಲ್ಲೋ" ಎನ್ನುತ್ತಿದ್ದರು. ಎಕ್ಸ್‌ಚೇಂಜು ಮುಚ್ಚಿ ಎಷ್ಟೋ ವರ್ಷವಾಯಿತು. ಆ ಕಿವಿಯನ್ನು ನಂಬಿ ಊರಿನವರು ಇಂದಿಗೂ ತಮ್ಮ ಒಗಟುಗಳನ್ನು ತರುತ್ತಿದ್ದರು. ಜೊತೆಗಿರುವುದು ನನಗೂ ರೂಢಿಯಾಗಿತ್ತು.

ಪ್ರಬುದ್ಧ ಪುಸ್ತಕದ ನಲವತ್ತೇಳನೆಯ ಪುಟ ತೆರೆದ. "ಅಪ್ಪ ನನಗಾಗಿ ಏನನ್ನೂ ಬಿಟ್ಟುಹೋಗಲಿಲ್ಲ. ನನ್ನ ಕಲೆ ನಾನೇ ಕಲಿತದ್ದು" ಎಂಬಲ್ಲಿಗೆ ಅವನ ಬರಹ ಮುಗಿದಿತ್ತು. ಅದರ ಕೆಳಗಿದ್ದುದನ್ನು ಗಟ್ಟಿಯಾಗಿ ಓದೆಂದು ಆಪಾ ನನಗೆ ಹೇಳಿ ಕಣ್ಣು ಮುಚ್ಚಿದರು.

"ಕರೆ ಹೇಳಬೇಕಂದ್ರ ಬಿಟ್ಟು ಹೋಗ್ಯಾನ ಭೂಸನೂರ ಕಬ್ಬಿನ ಸೀಜನಿಗೆ ಗುಡಿಸಲದಾಗ ಒಲಿ ಅಂತ್ಯಕ್ಕೆ ಕುಂತು ಡ್ರೈವರ ಹ್ಯಾಂಗ ಮಾತಾಡ್ತಾನ ಹಂಗೇ ಮಾಡಿ ತೋರಸ್ತಿದ್ದ ಹಚ್ಚೆ ಹಚ್ಚೆ ಎಲ್ಲಾರೂ ನಗತಿದ್ರು ಇವ ತೊಡಿ ಮ್ಯಾಲ ಕುಂತು ನೋಡತಿದ್ದ."

"ಇದು ಮಾಳಿಂಗಂದೇ ಕೆಲಸ್ರಿ," ಎಂದ ಪ್ರಬುದ್ಧ. "ಅತನೂರಿನ ಗೆಳೆಯ, ನನ್ನ ವಿಡಿಯೊ ತೆಗೆಯೋನು. ಪುಸ್ತಕದ ಫೈಲ್ ಇಂಟರ್ನೆಟ್ಟಿನ್ಯಾಗ ಇಟ್ಟಿದ್ದೆ. ಪಾಸ್‌ವರ್ಡ್ ಗೊತ್ತಿರೋದು ನಮ್ಮಿಬ್ಬರಿಗೇ. ಕೈ ಮ್ಯಾಲ ನಾ ಹಚ್ಚೆ ಹಾಕಿಸ್ಕೊಂಡಾಗ ಭಾಳ ನಕ್ಕಿದ್ದ, ಅದನ್ನೇ ಇಲ್ಲಿ 'ಹಚ್ಚೆ ಹಚ್ಚೆ' ಅಂತ ಬರದಾನ. ಹೈಸ್ಕೂಲಿನಿಂದ ಕೂಡಿ ಇದ್ದೀವ್ರಿ. ನಿನ್ನೆ 'ಇನ್ನ ಮುಖ ತೋರಸಬ್ಯಾಡ' ಅಂದು ಕಳಿಸೀನಿ."

ಅವನ ಫೋನು ಸದ್ದು ಮಾಡಿತು. ನೋಡಿ ಪಕ್ಕಕ್ಕಿಟ್ಟ. "ಅವ್ವಂದು. ಊಟಕ್ಕ ಎಷ್ಟೊತ್ತಿಗಿ ಬರ್ತಿ ಅಂತ ಕೇಳ್ಯಾಳ."

"ಅವ್ವಗ ಓದು ಬರಹ ಬರ್ತದೇನು?" ಆಪಾ ಕೇಳಿದರು.

"ಇಲ್ರಿ, ಅಕ್ಷರ ಗುರ್ತಿಲ್ಲ. ನನ್ನ ಹಳೇ ಫೋನ್ ಅಕಿಗಿ ಕೊಟ್ಟೀನಿ."

ಆಪಾ ಆ ಸಂದೇಶವನ್ನು ತಾವೇ ಒಮ್ಮೆ ನೋಡಿದರು. ಆಮೇಲೆ ನಮ್ಮನ್ನು ಪ್ರೆಸ್ಸಿಗೆ ಕರೆದೊಯ್ದರು. ಅಕ್ಷರ ಜೋಡಿಸಿದ ಮಸೂದ ಕಂಪ್ಯೂಟರಿನಲ್ಲಿ ಫೈಲು ತೋರಿಸಿದ. "ಒಂದಕ್ಷರ ಮುಟ್ಟಬ್ಯಾಡ ಅಂತ ಇವ್ರೇ ಅಂದಿದ್ರು. ಬಂದಂಗೇ ಹಾಕೀನ್ರಿ ಆಪಾ."

ಬೇರೆ ಪುಟಗಳಲ್ಲಿ ಪೂರ್ಣವಿರಾಮದ ಬಿಂದು, ಅಲ್ಪವಿರಾಮಗಳೆಲ್ಲ ಇದ್ದವು. ಸೇರಿಕೊಂಡ ಮಾತಿಗೆ ಕೊನೆಯದೊಂದು ಬಿಂದು ಮಾತ್ರ.

"ಅದೊಂದು ನಾ ಹಾಕಿದ್ದು," ಎಂದು ಮಸೂದ ತಲೆ ತಗ್ಗಿಸಿದ. "ಕೈ ತಡೀಲಿಲ್ಲ."

ಮರುದಿನ ನಾವು ಕರಜಗಿಗೆ ಹೋದೆವು. ಆಪಾ ಹೇಳಿಕಳಿಸಿದ್ದರಿಂದ ಮಾಳಿಂಗನೂ ಬಂದು, ಅಂಗಳದಲ್ಲಿ ಪ್ರಬುದ್ಧನಿಂದ ದೂರ ಕುಳಿತಿದ್ದ. ಪ್ರಬುದ್ಧನ ತಾಯಿ ರಮಾಬಾಯಿ ಚಹಾ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಬೀದಿಯ ನಾಯಿಯೊಂದು ಒಳಗೆ ಮೂತಿ ಹಾಕಿತು.

"ಹಚ್ಯಾ! ಹಚ್ಯಾ!" ಎಂದು ಕೈ ಬೀಸಿದರು ರಮಾಬಾಯಿ.

ಆಪಾ ಲೋಟ ಕೆಳಗಿಟ್ಟರು. "ಕೇಳಿದ್ಯಾ ಪ್ರಬುದ್ಧ? ನಿನ್ನ ಕೈ ಮ್ಯಾಲಿನ ಹಚ್ಚೆ ಅಲ್ಲ ಅದು."

ಆಪಾ ಒಂದೊಂದಾಗಿ ಬಿಡಿಸಿದರು. "ಆ ಮಾತು ಯಾರೂ ಬೆರಳಿನಿಂದ ಬರೆದಿಲ್ಲ, ಬಾಯಿಂದ ಹೇಳ್ಯಾರ. ಅದಕ್ಕೇ ಎಲ್ಲೂ ಬಿಂದು ಇಲ್ಲ. ನಾವು 'ಖರೇ' ಅಂದ್ರ ಫೋನು 'ಕರೆ' ಅಂತ ಬರೀತದ. ಒಲಿ ಹತ್ರ ಅನ್ನಾಕ 'ಹಂತ್ಯಾಕ' ಅಂದ್ರ 'ಅಂತ್ಯಕ್ಕೆ' ಅಂತದ. ಹೇಳೂ ಹೊತ್ತಿನ್ಯಾಗ ನಾಯಿ ಬಂದಿರಬೇಕು, 'ಹಚ್ಯಾ' ಅಂದದ್ದು 'ಹಚ್ಚೆ' ಆಗೇದ. ಟ್ರಂಕ್ ಕಾಲಿನ್ಯಾಗ ಇಂಥಾವು ನಾ ದಿನಾ ಕೇಳೀನಿ. ಮಾಳಿಂಗ ನಿನಗ ಹೈಸ್ಕೂಲಿನ್ಯಾಗ ಸಿಕ್ಕಾಂವ. ನೀ ಅಪ್ಪನ ತೊಡಿ ಮ್ಯಾಲ ಕುಂತಿದ್ದು ಅವ ಹ್ಯಾಂಗ ನೋಡ್ಯಾನ? ಆ ಗುಡಿಸಲದಾಗಿದ್ದು ನಿಮ್ಮವ್ವ. ಅಕ್ಷರ ಗುರ್ತಿಲ್ಲದಾಕಿ ನಿನಗ ಬರಹದಾಗ ಸಂದೇಶ ಕಳಿಸ್ತಾಳಂದ್ರ ಫೋನಿಗಿ ಹೇಳಿ ಬರೆಸ್ತಾಳ ಅಂತ ಅರ್ಥ. ಇನ್ನ ಪಾಸ್‌ವರ್ಡ್. ಹಳೇ ಫೋನಿನ್ಯಾಗಿಂದ ನಿನ್ನ ಖಾತೆ ತೆಗದಿದ್ದೇನು?"

ಪ್ರಬುದ್ಧ ತಾಯಿಯ ಫೋನು ತೆಗೆದು ನೋಡಿದ. ಅವನ ಪುಸ್ತಕ ಅದರಲ್ಲಿ ತೆರೆದೇ ಇತ್ತು.

"ಹೊಸಾ ಫೋನ್ ಚಾರ್ಜಿಗೆ ಹಾಕಿ ಇದರಾಗೇ ಓದಿ ಹೇಳಿದ್ದಿಯಲ್ಲ," ಎಂದರು ರಮಾಬಾಯಿ ಮೆಲ್ಲಗೆ. "ಹಂಗಲ್ಲೋ ಅಂದೆ. 'ಅವ್ವಾ, ನಿನಗ ತಿಳಿಯಂಗಿಲ್ಲ' ಅಂದು ಎದ್ದು ಹೋದಿ. ಪುಟ ತೆರದೇ ಇತ್ತು, ಮೈಕಿನ ಗುರ್ತು ಒತ್ತಿ ಹೇಳೀನಿ. ಮುಂದ ಓದಿದಾಗ ನಿನಗ ತಿಳೀಲಿ ಅಂತ. ಅಚ್ಚಾಗ್ತದ ಅಂತ ನನಗೇನ್ ಗೊತ್ತಪ್ಪಾ?"

ಪ್ರಬುದ್ಧನ ತಂದೆ ಅಂಬಾರಾಯ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಮನೆಯಲ್ಲಿ ಒಂದೇ ಒಂದು ಫೋಟೊ ಇತ್ತು. ದನಿ ಎಲ್ಲಿಯೂ ಇರಲಿಲ್ಲ.

ಅವನು ಎದ್ದು ಹೋಗಿ ಮಾಳಿಂಗನ ಪಕ್ಕದಲ್ಲಿ ಕುಳಿತ. "ತಪ್ಪಾತಲೇ," ಎಂದ. ಮಾಳಿಂಗ ಅವನ ಬೆನ್ನಿಗೊಂದು ಗುದ್ದಿದ, ಅಷ್ಟೇ.

"ಅವ್ವಾ," ಪ್ರಬುದ್ಧ ತಡೆದು ತಡೆದು ಕೇಳಿದ, "ಡ್ರೈವರನ ಹ್ಯಾಂಗ ಮಾಡ್ತಿದ್ದ ಅಪ್ಪ?"

ರಮಾಬಾಯಿ ನಾಚಿದರು. ಆಪಾ ಒತ್ತಾಯಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಸ್ಟೇರಿಂಗ್ ಹಿಡಿದು, ದನಿ ದಪ್ಪ ಮಾಡಿದರು: "ಏ, ಸರೀರ್ಲೇ! ಗಾಡಿಗಿ ಬ್ರೇಕಿಲ್ಲ, ನನಗ ಪುರಸೊತ್ತಿಲ್ಲ!"

ಮಾಳಿಂಗ ನಗು ನಿಲ್ಲಿಸಿ ಪ್ರಬುದ್ಧನ ಕಡೆ ತಿರುಗಿದ. ಅದು ಪ್ರಬುದ್ಧನ ವಿಡಿಯೊದ ಮಾತು. ಲಕ್ಷಾಂತರ ಮಂದಿ ಅವನದೆಂದೇ ತಿಳಿದದ್ದು, ಅವನೂ ತನ್ನದೆಂದೇ ತಿಳಿದದ್ದು.

"ಇನ್ನೊಮ್ಮೆ ಮಾಡವ್ವ," ಎಂದ ಪ್ರಬುದ್ಧ.

ಭಾನುವಾರ ಅಫಜಲಪುರದಲ್ಲಿ ಬಿಡುಗಡೆ ನಡೆಯಿತು. ಆ ಪುಟವನ್ನು ಪ್ರಬುದ್ಧ ಹರಿಯಲಿಲ್ಲ, ತಿದ್ದಿಸಲೂ ಇಲ್ಲ. ವೇದಿಕೆಯ ಮೇಲೆ ರಮಾಬಾಯಿಯೇ ನಿಂತು, ಪುಸ್ತಕವಿಲ್ಲದೆ ಅದನ್ನು ಹೇಳಿದರು. ಜನ ಬಿದ್ದು ಬಿದ್ದು ನಕ್ಕರು.

ಆಳಂದಕ್ಕೆ ಮರಳುವ ಬಸ್ಸಿನಲ್ಲಿ ಆಪಾ ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಶಿವಪ್ರಕಾಶ, ಎಷ್ಟು ಮಂದಿ ದನಿ ನೆನಪದ ನನಗ. ಜೇವರ್ಗಿ ಅಡತಿ ವ್ಯಾಪಾರಿದು, ಕಚೇರಿ ಸಾಹೇಬಂದು, ಎಲ್ಲಾರದು. ನಮ್ಮ ಅಬ್ಬಾಂದೊಂದು ಎಷ್ಟು ತಡಕಾಡಿದ್ರೂ ಸಿಗವಲ್ದು."

ಕಂಡಕ್ಟರ್ ಬಂದ, ಎರಡು ಟಿಕೆಟ್ ತೆಗೆಸಿದೆ.