ಬಾಯಿಗೆ ಬಾರದ ಹೆಸರು

ಐವತ್ತಾರರ ಕಾರ್ತಿಕದ ಒಂದು ಬೆಳಗು. ಕಂಪಲಾಪುರದ ಹೆಂಚುಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಸುಂದ್ರಮ್ಮ ಬಿಸಿನೀರು ತಂದಿಟ್ಟಾಗ ನಂಜಣ್ಣ ಗೋಡೆಯತ್ತ ಮುಖ ತಿರುಗಿಸಿದ.

“ನಾಳೆಯಿಂದ ಮೈ ತೊಳೆಯೋಕೆ ನೀನು ಬರಬ್ಯಾಡ. ಚೌರದ ಸಣ್ಣಬೀರಯ್ಯ ಬತ್ತಾನೆ.”

ಹೊಗೆಸೊಪ್ಪಿನ ಗಾಡಿ ಮಗುಚಿ ಅವನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಅಂದಿನಿಂದ ಹೊಸಿಲು ದಾಟಿರಲಿಲ್ಲ. ಸುಂದ್ರಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ಆಯಾ ಕೆಲಸ ಕಲಿತವಳು, ಹಾಸಿಗೆ ಹಿಡಿದವರ ಮನೆಯಲ್ಲಿದ್ದು ಸಂಬಳಕ್ಕೆ ಆರೈಕೆ ಮಾಡುವವಳು. ಮಗ್ಗುಲು ಬದಲಿಸಲು, ಬೆನ್ನು ಹುಣ್ಣಾಗದಂತೆ ಒರೆಸಲು, ಬೆಡ್‌ಪ್ಯಾನ್ ಇಡಲು ಅವಳ ಕೈ ಎಂದೂ ಹಿಂಜರಿದಿರಲಿಲ್ಲ.

“ಯಾಕೆ ನಂಜಣ್ಣೋರೆ, ನನ್ನ ಕೈ ಒರಟಾಯ್ತಾ?”

“ಒರಟಲ್ಲ.”

“ಮತ್ತೆ?”

“ಬ್ಯಾಡ ಅಂದೆ, ಬುಡು.”

ಹೊಲಸು ಮುಟ್ಟುವ ಕೈ ಎಂದು ಅಸಹ್ಯಪಟ್ಟನೇನೋ. ಬಾವಿಕಟ್ಟೆಗೆ ಹೋಗಿ, ತೊಳೆದ ಕೈಯನ್ನೇ ಮತ್ತೆ ಸೀಗೆಪುಡಿ ಹಾಕಿ ತೊಳೆದುಕೊಂಡಳು.

ಆದರೆ ಅಸಹ್ಯಪಟ್ಟವನು ಹಾಗೆ ನೋಡುತ್ತಾನೆಯೇ? ಬೀರಯ್ಯ ಕ್ಷೌರ ಮಾಡುವಾಗ, ಗಲ್ಲದ ತುಂಬ ಸೋಪಿನ ನೊರೆ ಹೊತ್ತವನು ಕನ್ನಡಿಯೊಳಗಿಂದ ಅವಳನ್ನೇ ಹುಡುಕುತ್ತಿದ್ದ. ಅವಳು ನೋಡಿದರೆ ಥಟ್ಟನೆ ಕಣ್ಣು ಮುಚ್ಚುತ್ತಿದ್ದ.

“ಕಣ್ಣಿಗೆ ನೊರೆ ಓಯ್ತಾ?” ಎಂದು ಅವಳು ಕೆಣಕುವಳು.

“ಊಂ, ಉರೀತದೆ.”

“ನೊರೆ ಇರೋದು ಗಲ್ಲದ ಮ್ಯಾಲೆ ಕಣ್ರೀ.”

ಅವಳಿಗೆ ತಿಳಿಯದೆಯೇ ‘ನಂಜಣ್ಣೋರೆ’ ಬಿಟ್ಟುಹೋಗಿ ‘ಏನ್ರೀ’ ಬಂದುಬಿಟ್ಟಿತ್ತು. ಆ ಹೆಸರಿನ ಬಾಲದಲ್ಲಿದ್ದ ‘ಅಣ್ಣ’ ಅವಳಿಗೆ ಬೇಡವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಹುಣಸೂರಿನಿಂದ ಹೊಸ ಡಾಕ್ಟರು ಬಂದರು. ನಂಜಣ್ಣನ ಅಕ್ಕ ವೀರಮ್ಮ ಕಾಫಿ ತಂದಳು. ಬೀದಿಯ ನಾಲ್ಕು ಜನ ಬಾಗಿಲಲ್ಲಿ ಇಣುಕುತ್ತಿದ್ದರು.

“ಇವರ ಹೆಸರೇನಮ್ಮ?” ಡಾಕ್ಟರು ಸುಂದ್ರಮ್ಮನನ್ನು ಕೇಳಿದರು.

ಅವಳು ಬಾಯಿ ತೆರೆದಳು. ಹೆಸರು ಬರಲಿಲ್ಲ. ಸೆರಗು ಬಾಯಿಗೆ ಹೋಯಿತು. ವೀರಮ್ಮನ ಕಡೆ ತಿರುಗಿ, “ನೀವೇ ಯೋಳಿ ಅಕ್ಕಾ” ಎಂದಳು.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರು ಹೋಗುವವರೆಗೂ ವೀರಮ್ಮ ತಡೆದುಕೊಂಡಳು, ಅಷ್ಟೇ.

“ಗಂಡನ ಎಸರು ಯೋಳಕ್ಕಾಗ್ದೆ ಎಂಡ್ತಿ ಪಕ್ಕದೋರ್‌ನ ನೋಡ್ದಂಗೆ ನನ್ನ ನೋಡ್ದಲ್ಲೇ! ಸಂಬ್ಳಕ್ಕೆ ಬಂದೋಳು! ನಾಚ್ಕೆ ಆಗಕಿಲ್ವಾ?”

ಆಗಿತ್ತು. ಕಿವಿಯ ತುದಿಯವರೆಗೂ ಸುಡುತ್ತಿತ್ತು. ಬಟ್ಟೆಗಂಟು ಕಟ್ಟಿಕೊಂಡು ಅವನ ಹಾಸಿಗೆಯ ಬಳಿ ತಲೆತಗ್ಗಿಸಿ ನಿಂತಳು.

“ಬತ್ತೀನಿ.”

“ಯಾರ್ಗೆ ಯೋಳ್ತಿದ್ದೀಯಾ? ಎಸ್ರಿಡಿದು ಯೋಳು.”

“ನಗಬ್ಯಾಡಿ. ಬೂಮಿ ಬಾಯಿ ಬುಟ್ರೆ ಒಳಿಕ್ಕೆ ಓಗ್ಬುಡನ ಅನ್ನಿಸ್ತದೆ.”

“ನಂಗೆ ಕಾರ್ತಿಕದಿಂದ ಅಂಗೇ ಆಗೈತೆ.” ಅವನ ನಗು ಆರಿತು. “ಆಯಾ ಮೈ ತೊಳೆದ್ರೆ ನಂಗೇನೂ ಅನ್ನಿಸ್ತಿರ್ನಿಲ್ಲ. ಒಂದಿನ ನೀನು ಆಯಾ ಅನ್ನಿಸ್ನಿಲ್ಲ. ಆವತ್ತಿಂದ ನಿನ್ನ ಮುಂದೆ ಇಂಗೆ ಬಿದ್ದಿರೋಕೆ...”

ಅವಳ ಕೈಯ ಗಂಟು ಮೆಲ್ಲನೆ ನೆಲಕ್ಕಿಳಿಯಿತು.

“ಇರು ಸುಂದ್ರಿ.”

“ಇದ್ರೆ ಸಂಬಳದೋಳಾಗೇ ಇರ್ಬೇಕು. ನಾನು ಬೇಕಂದ್ರೆ ಕೆ.ಆರ್. ನಗರಕ್ಕೆ ಬಂದು ನಮ್ಮವ್ವನ್ನ ಎಣ್ಣು ಕೇಳಿ.”

“ಈ ಮೈ ಒತ್ಕೊಂಡಾ? ಬೀದಿಯೆಲ್ಲ ನೋಡ್ತದೆ ಕಣೇ.”

“ನೋಡ್ಲಿ. ಇವತ್ತು ನನ್ನ ಮಾನ ಓಗ್ನಿಲ್ವಾ? ನಿಮ್ದೂ ವಸಿ ಓಗ್ಲಿ.”

ಗುರುವಾರದ ಬಸ್ಸಿಗೆ ಅವಳು ಹೊರಟುಹೋದಳು.

ಮುಂದಿನದನ್ನು ಅವಳಿಗೆ ಹೇಳಿದವನು ಬೀರಯ್ಯ. ಅವನೇ ನಂಜಣ್ಣನನ್ನು ಮಗುವಿನಂತೆ ಬೆನ್ನಿಗೆ ಹಾಕಿಕೊಂಡು ಹೊರಗೆ ತಂದನಂತೆ. ಜಗಲಿ ಜಗಲಿಯಲ್ಲೂ ಜನ. ಗಾಡಿಯ ಹುಲ್ಲಿನ ಮೇಲೆ ಮಲಗಿಸಿ ಮುಖಕ್ಕೆ ಕಂಬಳಿ ಎಳೆಯಹೋದರೆ, “ಬ್ಯಾಡ ಕಣ್ಲಾ, ನೋಡ್ಲಿ” ಎಂದನಂತೆ ನಂಜಣ್ಣ. ಹಾಗೆ ಹಾಡುಹಗಲಲ್ಲಿ ಅವನು ಕೆ.ಆರ್. ನಗರಕ್ಕೆಂದು ಕಂಪಲಾಪುರ ಬಿಟ್ಟದ್ದು ಸೋಮವಾರ.